ವಾಲ್ವ್ ಸ್ಟುಡಿಯೋ ಉಪಕರಣಗಳ ಪವರ್ ಸಪ್ಲೈ ದುರಸ್ತಿ: ಮೇನ್ಸ್ ತಂತಿಯಿಂದ ಎಚ್‌ಟಿವರೆಗೆ

ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಬಳಸುವ ಉಪಕರಣಗಳು ಇಂದಿಗೂ ದುಡಿಯುತ್ತಿವೆ. 1950 ಮತ್ತು 60ರ ದಶಕದ ಈಕ್ವಲೈಸರ್, ಕಂಪ್ರೆಸರ್, ಮೈಕ್ ಪ್ರಿಆಂಪ್‌ಗಳ ಜೊತೆಗೆ ಅದೇ ನಕ್ಷೆಯನ್ನು ಅನುಸರಿಸಿ ಈಚೆಗೆ ತಯಾರಾದವೂ ಇವೆ. ಇಂಥ ಉಪಕರಣದಲ್ಲಿ ಹಮ್ (ಗುಂಯ್ ಎಂಬ ಸದ್ದು) ಬಂದರೆ, ಸದ್ದು ಸೊರಗಿದರೆ ಅಥವಾ ಫ್ಯೂಸ್ ಹಾರಿದರೆ ಮೊದಲು ವಾಲ್ವ್ ಬದಲಿಸಿ ನೋಡುವುದು ರೂಢಿಯಾಗಿದೆ. ಆದರೆ ದೋಷ ಬಹಳ ಸಲ ಇರುವುದು ಪವರ್ ಸಪ್ಲೈಯಲ್ಲಿ. ವಾಲ್ವ್ ಸರ್ಕ್ಯೂಟಿನಲ್ಲಿ ಪವರ್ ಸಪ್ಲೈ ಎಂಬುದು ಸಂಗೀತದಿಂದ ದೂರ ನಿಂತ ಪ್ರತ್ಯೇಕ ಅಂಗವಲ್ಲ. ವಾಲ್ವಿನ ಪ್ಲೇಟಿನಿಂದ (ಧನ ತುದಿಯಿಂದ) ಹೊರಟ ಸಿಗ್ನಲ್ ಕರೆಂಟ್ ಲೋಡ್ ರೆಸಿಸ್ಟರ್ ದಾಟಿ, ಎಚ್‌ಟಿ (ಹೈ ಟೆನ್ಶನ್, ಅಂದರೆ ವಾಲ್ವ್‌ಗಳಿಗೆ ಬೇಕಾದ ಹೆಚ್ಚಿನ ಡಿಸಿ ವೋಲ್ಟೇಜ್) ಸಾಲಿನ ಕೊನೆಯ ಕೆಪಾಸಿಟರ್ ಮೂಲಕವೇ ಕ್ಯಾಥೋಡ್‌ಗೆ (ಋಣ ತುದಿಗೆ) ಹಿಂದಿರುಗುತ್ತದೆ. ಆದ್ದರಿಂದ ಆ ಕೆಪಾಸಿಟರ್ ಒಣಗಿದಾಗ ಹಮ್ ಬರುವುದಷ್ಟೇ ಅಲ್ಲ, ತಗ್ಗಿನ ಸ್ವರಗಳು ತೆಳುವಾಗುತ್ತವೆ. ಕೆಲವೊಮ್ಮೆ ಒಂದು ಹಂತದ ಸಿಗ್ನಲ್ ಇನ್ನೊಂದಕ್ಕೆ ಸೋರಿ, ಡೀಸೆಲ್ ಪಂಪಿನಂತೆ ಪುಟ್‌ಪುಟ್ ಎಂಬ ಸದ್ದು ಶುರುವಾಗುತ್ತದೆ.

ಉದಾಹರಣೆಯಾಗಿ ಪಲ್ಟೆಕ್ ಇಕ್ಯೂಪಿ-1ಎ ಈಕ್ವಲೈಸರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ಅಮೆರಿಕದ ಪಲ್ಸ್ ಟೆಕ್ನಿಕ್ಸ್ ಸಂಸ್ಥೆ ತಯಾರಿಸಿದ ಇದರಲ್ಲಿ ಈಕ್ವಲೈಸರ್ ಭಾಗವು ಕಾಯಿಲ್, ಕೆಪಾಸಿಟರ್, ರೆಸಿಸ್ಟರ್‌ಗಳಷ್ಟೇ ಇರುವ ಜಾಲವಾಗಿದ್ದು, ಆ ಜಾಲದಲ್ಲಿ ಕುಗ್ಗಿದ ಮಟ್ಟವನ್ನು ಮತ್ತೆ ಏರಿಸಲು 12ಎಎಕ್ಸ್7 ಮತ್ತು 12ಎಯು7 ವಾಲ್ವ್‌ಗಳ ಆಂಪ್ಲಿಫೈಯರ್ ಇದೆ. ಅವುಗಳಿಗೆ ಎಚ್‌ಟಿ ಒದಗಿಸುವುದು ಎಸಿಯನ್ನು ಡಿಸಿಯಾಗಿಸುವ 6ಎಕ್ಸ್4 ರೆಕ್ಟಿಫೈಯರ್ ವಾಲ್ವ್. ಇದೇ ಬಗೆಯ ಸಪ್ಲೈ ಆ ಕಾಲದ ಎಷ್ಟೋ ಉಪಕರಣಗಳಲ್ಲಿ ಇರುವುದರಿಂದ ಇಲ್ಲಿ ಕಲಿತದ್ದು ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ. ಕೆಳಗಿನ ಲೆಕ್ಕಗಳು ವಿಷಯ ಮನವರಿಕೆಯಾಗಲೆಂದು ಕೊಟ್ಟವು. ನಿಮ್ಮ ಕೈಯಲ್ಲಿರುವ ಉಪಕರಣದ ಬಿಡಿಭಾಗಗಳ ಬೆಲೆಗಳನ್ನು (ಓಮ್, ಮೈಕ್ರೊಫ್ಯಾರಡ್ ಮುಂತಾದ ಅಂಕೆಗಳನ್ನು) ಅದರ ನಕ್ಷೆಯಿಂದಲೇ ತೆಗೆದುಕೊಳ್ಳಬೇಕು.

ಕೈ ಹಾಕುವ ಮೊದಲು

ಈ ಉಪಕರಣಗಳ ಒಳಗೆ 250ರಿಂದ 400 ವೋಲ್ಟ್‌ವರೆಗಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಮೇನ್ಸ್ ಕಡಿಯುವ ಸ್ವಿಚ್) ಇದೆ ಎಂಬ ಧೈರ್ಯ ಇಲ್ಲಿ ಸಲ್ಲದು. ಎಚ್‌ಟಿ ಇರುವುದು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಕಡೆಗೆ. ಅಲ್ಲಿ ನಿಮ್ಮ ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟ್ ಹರಿದರೂ ಮೇನ್ಸ್ ಕಡೆಯ ಆರ್‌ಸಿಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ. ವಿದ್ಯುತ್ ಹರಿಯುತ್ತಿರುವ ಸರ್ಕ್ಯೂಟಿನಲ್ಲಿ ಅಳೆದು ಅಭ್ಯಾಸವಿಲ್ಲದವರು ಅನುಭವಿಗಳೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು.

ಪ್ಲಗ್ ಕಿತ್ತು, 2.2 ಕಿಲೋ ಓಮ್‌ನ 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಟ್ ಮಾಡಿದ ಎರಡು ಕ್ಲಿಪ್ ತಂತಿಗಳನ್ನು ಬೆಸೆದು, ಒಂದನ್ನು ಮೊದಲು ಚಾಸಿಸ್‌ಗೆ ಸಿಕ್ಕಿಸಿ, ಇನ್ನೊಂದನ್ನು ಒಂದೇ ಕೈಯಿಂದ ಪ್ರತಿ ಕೆಪಾಸಿಟರಿನ ಪ್ಲಸ್ ತುದಿಗೆ ಕೆಲವು ಸೆಕೆಂಡ್ ಮುಟ್ಟಿಸಬೇಕು. 100 ಮೈಕ್ರೊಫ್ಯಾರಡ್ ಇದ್ದರೂ ಒಂದೆರಡು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಕೆಪಾಸಿಟರಿಗೂ ಕಣ್ಣಿಗೂ ಅಪಾಯ. ಖಾಲಿಯಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ತಾನಾಗಿಯೇ ಸ್ವಲ್ಪ ವೋಲ್ಟೇಜನ್ನು ಮರಳಿ ಪಡೆಯುವುದೂ ಉಂಟು. ಆದ್ದರಿಂದ ಮೀಟರಿನಿಂದ ಅಳೆದು ನೋಡಿ, ಬೆಸುಗೆ ಮುಗಿಯುವವರೆಗೆ ಆ ಕ್ಲಿಪ್ಪನ್ನು ಅಲ್ಲಿಯೇ ಬಿಡುವುದು ಒಳ್ಳೆಯದು. ಅಳೆಯುವ ಮೀಟರ್ ಸರಿಯಿದೆಯೇ ಎಂಬುದನ್ನೂ ಗೊತ್ತಿರುವ ಒಂದು ವೋಲ್ಟೇಜಿನ ಮೇಲೆ ಮೊದಲೇ ಪರೀಕ್ಷಿಸಿಕೊಂಡಿರಬೇಕು.

ಹಂತ 1: ಹಮ್ ಯಾವುದೆಂದು ಗುರುತಿಸುವುದು

ಉಪಕರಣ ಇನ್ನೂ ಚಾಲೂ ಆಗುತ್ತಿದ್ದರೆ, ಬಿಚ್ಚುವ ಮೊದಲು ಅದರ ಇನ್‌ಪುಟ್‌ಗೆ ಏನನ್ನೂ ಕೊಡದೆ ಔಟ್‌ಪುಟ್ಟನ್ನು ಕಂಪ್ಯೂಟರಿನಲ್ಲಿ ಅರ್ಧ ನಿಮಿಷ ಮುದ್ರಿಸಿಕೊಂಡು, ಸ್ಪೆಕ್ಟ್ರಮ್ ನೋಟದಲ್ಲಿ ನೋಡಿ. ನಮ್ಮ ಮೇನ್ಸ್ 50 ಹರ್ಟ್ಜ್. ಪೂರ್ಣ ತರಂಗ ರೆಕ್ಟಿಫೈಯರಿನಿಂದ ಬರುವ ಅಲೆ ಅದರ ಎರಡರಷ್ಟು, ಅಂದರೆ 100 ಹರ್ಟ್ಜ್. ಗೆರೆ 100, 200, 300ರಲ್ಲಿ ಎದ್ದು ಕಂಡರೆ ಫಿಲ್ಟರ್ ಕೆಪಾಸಿಟರ್‌ಗಳನ್ನೋ ಎಚ್‌ಟಿ ಅರ್ಥಿಂಗ್ ದಾರಿಯನ್ನೋ ಶಂಕಿಸಬೇಕು. 50ರಲ್ಲಿ ಎದ್ದರೆ ಹೀಟರ್ ವೈರಿಂಗ್, ಕೇಬಲ್ ಶೀಲ್ಡ್, ಪಕ್ಕದ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಇವುಗಳ ಕಡೆ ನೋಡಬೇಕು. ರೆಕ್ಟಿಫೈಯರಿನ ಎರಡು ಪ್ಲೇಟ್‌ಗಳಲ್ಲಿ ಒಂದು ಕೆಲಸ ನಿಲ್ಲಿಸಿದ್ದರೂ 50 ಹರ್ಟ್ಜ್ ಬರುತ್ತದೆ. ಈ ಮುದ್ರಣವನ್ನು ಅಳಿಸದೆ ಇಟ್ಟುಕೊಳ್ಳಿ, ದುರಸ್ತಿಯ ನಂತರ ಹೋಲಿಸಲು ಬೇಕಾಗುತ್ತದೆ.

ಹಂತ 2: ಮೇನ್ಸ್ ತಂತಿ, ಫ್ಯೂಸ್, ಅರ್ಥಿಂಗ್

ಹಳೆಯ ಅಮೆರಿಕನ್ ಉಪಕರಣಗಳಲ್ಲಿ ಎರಡೇ ಎಳೆಯ ಮೇನ್ಸ್ ತಂತಿಯೂ, ಮೇನ್ಸಿನ ಒಂದು ತುದಿಯಿಂದ ಚಾಸಿಸ್‌ಗೆ ಕಟ್ಟಿದ ಕಾಗದದ ಕೆಪಾಸಿಟರೂ ಇರುತ್ತವೆ. ಆ ಕೆಪಾಸಿಟರ್ ಶಾರ್ಟ್ ಆದರೆ ಇಡೀ ಚಾಸಿಸ್ ಫೇಸ್ ಆಗುತ್ತದೆ. ಅದಕ್ಕೆ ತಾಗಿದ ಮೈಕ್ ಹಿಡಿದ ಗಾಯಕರ ಗತಿ ಏನೆಂದು ಯೋಚಿಸಿ. ಅದನ್ನು ಮೊದಲು ಕಿತ್ತುಹಾಕಿ. ತೀರಾ ಬೇಕೆನಿಸಿದರೆ ಆ ಜಾಗಕ್ಕೆಂದೇ ತಯಾರಾಗುವ ವೈ2 ದರ್ಜೆಯ ಕೆಪಾಸಿಟರನ್ನು ಮಾತ್ರ ಹಾಕಬೇಕು. ಮೂರು ಎಳೆಯ ತಂತಿ ಹಾಕಿ, ಅರ್ಥ್ ತುದಿಯನ್ನು ಬಣ್ಣ ಕೆರೆದ ಚಾಸಿಸ್ ಲೋಹಕ್ಕೆ ಪ್ರತ್ಯೇಕ ಬೋಲ್ಟ್, ಹಲ್ಲಿನ ವಾಷರ್ ಬಳಸಿ ಬಿಗಿಯಬೇಕು. ಟ್ರಾನ್ಸ್‌ಫಾರ್ಮರ್ ಕೂರಿಸಿದ ಬೋಲ್ಟಿಗೇ ಅರ್ಥ್ ಸೇರಿಸಿದರೆ ಮುಂದೆಂದೋ ಟ್ರಾನ್ಸ್‌ಫಾರ್ಮರ್ ಬಿಚ್ಚಿದಾಗ ಅದು ತಪ್ಪಿಹೋಗುತ್ತದೆ. ಫ್ಯೂಸ್ ಫೇಸ್ ಎಳೆಯಲ್ಲಿರಬೇಕು, ಸ್ವಿಚ್ಚಿಗಿಂತ ಮೊದಲು ಬರಬೇಕು. ಹಮ್ ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವ ಪರಿಹಾರವನ್ನು ಎಂದಿಗೂ ಒಪ್ಪಬಾರದು. ಗ್ರೌಂಡ್ ಲೂಪ್ (ಎರಡು ಉಪಕರಣಗಳ ನಡುವೆ ಒಂದಕ್ಕಿಂತ ಹೆಚ್ಚು ಗ್ರೌಂಡ್ ದಾರಿ) ಇದ್ದರೆ ಆಡಿಯೋ ಕೇಬಲಿನ ಶೀಲ್ಡನ್ನು ಒಂದು ತುದಿಯಲ್ಲಿ ಬಿಡಿಸುವುದೋ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕುವುದೋ ಸರಿಯಾದ ದಾರಿ.

ಭಾರತದಲ್ಲಿ ಇಂಥ ಉಪಕರಣ ಬಳಸುವವರಿಗೆ ಇನ್ನೊಂದು ತೊಡಕಿದೆ. 117 ವೋಲ್ಟ್, 60 ಹರ್ಟ್ಜ್‌ಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 50 ಹರ್ಟ್ಜ್ ಕೊಟ್ಟಾಗ ಅದರ ಕಬ್ಬಿಣದೊಳಗಿನ ಕಾಂತಪ್ರವಾಹ ಸುಮಾರು ಶೇ. 20ರಷ್ಟು ಏರುತ್ತದೆ. ಧಾರಾಳವಾಗಿ ಕಬ್ಬಿಣ ಬಳಸಿದ ಟ್ರಾನ್ಸ್‌ಫಾರ್ಮರ್ ಇದನ್ನು ತಾಳಿಕೊಳ್ಳುತ್ತದೆ. ಜಿಪುಣತನದಿಂದ ಮಾಡಿದ್ದು ಬಿಸಿಯಾಗಿ ಗುಂಯ್‌ಗುಡುತ್ತದೆ. ಜೊತೆಗೆ ಮಾರುಕಟ್ಟೆಯ ಅಗ್ಗದ 230–110 ಸ್ಟೆಪ್‌ಡೌನ್‌ಗಳಲ್ಲಿ ಹಲವು ಆಟೋಟ್ರಾನ್ಸ್‌ಫಾರ್ಮರ್‌ಗಳು. ಅವುಗಳಲ್ಲಿ ಮೇನ್ಸಿನಿಂದ ಪ್ರತ್ಯೇಕತೆ ಇರುವುದಿಲ್ಲ, ಎಷ್ಟೋ ವೇಳೆ ಅರ್ಥ್ ಕೂಡ ಇರುವುದಿಲ್ಲ. ಒಳಗಿನ ಸಾಮಾನ್ಯ ತಂತಿ ತುಂಡಾದರೆ 110 ಇರಬೇಕಾದಲ್ಲಿ 230 ಬಂದುಬಿಡುತ್ತದೆ. ಎರಡು ಪ್ರತ್ಯೇಕ ಸುತ್ತುಗಳಿರುವ, ಅರ್ಥ್ ಉಳ್ಳ ಐಸೊಲೇಶನ್ ಬಗೆಯದನ್ನೇ ಕೇಳಿ ಪಡೆಯಿರಿ. ಉಪಕರಣದ ಪ್ರೈಮರಿಯಲ್ಲಿ ಎರಡು 115 ವೋಲ್ಟ್ ಸುತ್ತುಗಳಿದ್ದು ನೀವು ಅವನ್ನು 230ಕ್ಕೆ ಸರಣಿಯಲ್ಲಿ ಜೋಡಿಸಿದರೆ, ಫ್ಯೂಸಿನ ಆಂಪಿಯರ್ ಬೆಲೆಯನ್ನು ಅರ್ಧಕ್ಕೆ ಇಳಿಸುವುದನ್ನು ಮರೆಯಬಾರದು.

ಹಂತ 3: ಬಲ್ಬ್ ಸರಣಿಯಲ್ಲಿಟ್ಟು ಚಾಲೂ ಮಾಡುವುದು

ವಿದ್ಯುತ್ ಕೊಡುವ ಮೊದಲು ಎಚ್‌ಟಿ ಸಾಲಿನಿಂದ ಚಾಸಿಸ್‌ಗೆ ಇರುವ ರೆಸಿಸ್ಟೆನ್ಸ್ ಅಳೆಯಿರಿ. ಮೀಟರಿನ ಅಂಕೆ ನಿಧಾನವಾಗಿ ಏರಿ ಹತ್ತಾರು ಕಿಲೋ ಓಮ್ ದಾಟಿದರೆ ಮುಂದುವರಿಯಬಹುದು. ಕೆಲವೇ ನೂರು ಓಮ್‌ನಲ್ಲಿ ನಿಂತರೆ ಕೆಪಾಸಿಟರ್ ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಚಾಲೂ ಮಾಡುವ ಮಾತೇ ಬೇಡ.

ಆನಂತರ 230 ವೋಲ್ಟ್ ಮೇನ್ಸಿನ ಫೇಸ್ ಎಳೆಯಲ್ಲಿ 40 ಅಥವಾ 60 ವ್ಯಾಟ್‌ನ ಹಳೆಯ ತಂತಿಬಲ್ಬನ್ನು ಸರಣಿಯಲ್ಲಿ ಸೇರಿಸಿ ಉಪಕರಣಕ್ಕೆ ಕರೆಂಟ್ ಕೊಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಎಲ್ಲ ಸರಿಯಿದ್ದರೆ ಬಲ್ಬ್ ಒಮ್ಮೆ ಪ್ರಕಾಶಿಸಿ, ವಾಲ್ವ್ ಹೀಟರ್‌ಗಳು ಬಿಸಿಯಾದಂತೆ ಮಂಕಾಗುತ್ತದೆ. ಅದು ಉಜ್ವಲವಾಗಿಯೇ ಉಳಿದರೆ ಒಳಗೆ ಶಾರ್ಟ್ ಇದೆ. ಆಗ ಪ್ಲಗ್ ಕಿತ್ತು ರೆಕ್ಟಿಫೈಯರ್ ವಾಲ್ವನ್ನು ಹೊರತೆಗೆದು ಮತ್ತೆ ಕೊಡಿ. ಬಲ್ಬ್ ಮಂಕಾದರೆ ದೋಷ ಆ ವಾಲ್ವಿನಲ್ಲೋ ಅದರ ಮುಂದೆ ಎಚ್‌ಟಿ ಕಡೆಗೋ ಇದೆ. ಮಂಕಾಗದಿದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ಹೀಟರ್ ವೈರಿಂಗ್‌ನಲ್ಲಿದೆ. ಇಷ್ಟು ಸರಳವಾದ ಪರೀಕ್ಷೆ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳನ್ನು ಸುಡದಂತೆ ಕಾಪಾಡುತ್ತದೆ. ಡಿಮ್ಮರ್‌ಸ್ಟಾಟ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಇರುವವರು ಅದನ್ನೂ ಬಳಸಬಹುದು. ಆದರೆ ವಾಲ್ವ್ ರೆಕ್ಟಿಫೈಯರ್ ತನ್ನ ಹೀಟರ್ ಸಾಕಷ್ಟು ಬಿಸಿಯಾಗುವವರೆಗೆ ಡಿಸಿ ಕೊಡುವುದಿಲ್ಲವಾದ್ದರಿಂದ, ಸೊನ್ನೆಯಿಂದ ನಿಧಾನವಾಗಿ ಏರಿಸುವುದರ ಪ್ರಯೋಜನ ಇಲ್ಲಿ ಭಾಗಶಃ ಮಾತ್ರ.

ರೆಕ್ಟಿಫೈಯರ್ ಹೊರಗಿರುವಾಗಲೇ ಟ್ರಾನ್ಸ್‌ಫಾರ್ಮರ್ ಸೆಕೆಂಡರಿಯ ಎರಡು ಅರ್ಧಗಳನ್ನು ನಡುಟ್ಯಾಪಿನಿಂದ (ಸುತ್ತಿನ ನಡುವಿನಿಂದ ಹೊರತಂದ ತಂತಿಯಿಂದ) ಅಳೆದುಬಿಡಿ. ಅವೆರಡೂ ಬಹುಮಟ್ಟಿಗೆ ಸಮವಾಗಿರಬೇಕು. ಒಂದು ಕಡೆ ಗಣನೀಯವಾಗಿ ಕಡಿಮೆಯಿದ್ದರೆ ಒಳಗೆ ಸುತ್ತುಗಳು ಶಾರ್ಟ್ ಆಗಿವೆ ಎಂದರ್ಥ. ರೀವೈಂಡಿಂಗ್ ಬಿಟ್ಟು ಬೇರೆ ಉಪಾಯವಿಲ್ಲ. ಪ್ರೈಮರಿ ಮತ್ತು ಚಾಸಿಸ್ ನಡುವಿನ ಇನ್ಸುಲೇಶನ್ನನ್ನು 500 ವೋಲ್ಟ್ ಮೆಗ್ಗರಿನಿಂದ ನೋಡಿಸಿದರೆ ಇನ್ನೂ ನೆಮ್ಮದಿ.

ಹಂತ 4: ರೆಕ್ಟಿಫೈಯರ್ ವಾಲ್ವ್

6ಎಕ್ಸ್4 ಏಳು ಪಿನ್ನಿನ ಸಣ್ಣ ವಾಲ್ವ್. 1 ಮತ್ತು 6ನೇ ಪಿನ್‌ಗಳು ಪ್ಲೇಟ್, 7 ಕ್ಯಾಥೋಡ್, 3 ಮತ್ತು 4 ಹೀಟರ್. ಹೀಟರಿಗೆ 6.3 ವೋಲ್ಟ್‌ನಲ್ಲಿ 0.6 ಆಂಪಿಯರ್ ಬೇಕು. ಗರಿಷ್ಠ 70 ಮಿಲಿಆಂಪಿಯರ್ ಡಿಸಿ ಕೊಡಬಲ್ಲದು. ಇದರ ಒಂದು ವಿಶೇಷವನ್ನು ತಿಳಿದಿರುವುದು ದುರಸ್ತಿಗೆ ಬಹಳ ಮುಖ್ಯ. ಇದರ ಹೀಟರ್ ಸಾಮಾನ್ಯವಾಗಿ ಉಳಿದ ವಾಲ್ವ್‌ಗಳ ಹೀಟರ್ ಸುತ್ತನ್ನೇ ಹಂಚಿಕೊಳ್ಳುತ್ತದೆ, ಆ ಸುತ್ತು ಗ್ರೌಂಡ್‌ಗೆ ಸೇರಿರುತ್ತದೆ. ಹಾಗಾಗಿ ಕ್ಯಾಥೋಡ್ ಮತ್ತು ಹೀಟರ್ ನಡುವಿನ ಕೂದಲೆಳೆಯಷ್ಟು ಇನ್ಸುಲೇಶನ್ ಪೂರ್ತಿ ಎಚ್‌ಟಿಯನ್ನು ಹಗಲಿರುಳು ತಡೆದು ನಿಲ್ಲಬೇಕು. ಅದು ಸೋತ ದಿನ ಎಚ್‌ಟಿ ನೇರವಾಗಿ ಗ್ರೌಂಡ್‌ಗೆ ಹರಿದು ಫ್ಯೂಸ್ ಹಾರುತ್ತದೆ. ಉಪಕರಣ ತಣ್ಣಗಿದ್ದಾಗ ಮೀಟರಿಗೆ ಏನೂ ಕಾಣದೆ, ಚಾಲೂ ಮಾಡಿದ ಕೆಲವು ನಿಮಿಷದಲ್ಲಿ ಫ್ಯೂಸ್ ಹೋಗುತ್ತಿದ್ದರೆ ಈ ದೋಷವನ್ನು ಮೊದಲು ನೆನೆಯಿರಿ. ದೊಡ್ಡ ಫ್ಯೂಸ್ ಹಾಕುವುದು ಅಥವಾ ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವುದು ಟ್ರಾನ್ಸ್‌ಫಾರ್ಮರನ್ನು ಬಲಿಕೊಟ್ಟಂತೆ.

ಪ್ಲೇಟ್‌ಗಳಿಗೆ ಬರುವ ಎಸಿ ಸರಿಯಿದ್ದೂ ಎಚ್‌ಟಿ ತಗ್ಗಿದ್ದರೆ, ಹೊಸ 6ಎಕ್ಸ್4 ಹಾಕಿ ಹೋಲಿಸಿ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆ ಒಂದು ಕಾಲದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಅಂಥ ಹಳೆಯ ದಾಸ್ತಾನು ಸಿಕ್ಕಿದರೆ ಪೆಟ್ಟಿಗೆಯ ಹೆಸರನ್ನು ನಂಬದೆ, ವಾಲ್ವಿನ ಸಂಖ್ಯೆ, ಪಿನ್ ಜೋಡಣೆ, ಹೀಟರ್ ಕರೆಂಟ್ ಮೂರನ್ನೂ ತಾಳೆ ನೋಡಿಯೇ ಹಾಕಬೇಕು.

ವಾಲ್ವಿನ ಬದಲು ಸಿಲಿಕಾನ್ ಡಯೋಡ್ ಹಾಕಿಬಿಡೋಣ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೂಲದಲ್ಲಿ ವಾಲ್ವ್ ಇದ್ದ ಕಡೆ ವಾಲ್ವನ್ನೇ ಉಳಿಸಬೇಕು. ಡಯೋಡಿನಿಂದ ಎಚ್‌ಟಿ ಏರುತ್ತದೆ. ಉಳಿದ ವಾಲ್ವ್‌ಗಳು ಬಿಸಿಯಾಗಿ ಕರೆಂಟ್ ಎಳೆಯುವ ಮೊದಲೇ ಪೂರ್ತಿ ವೋಲ್ಟೇಜ್ ಕೆಪಾಸಿಟರ್‌ಗಳ ಮೇಲೆ ಬೀಳುತ್ತದೆ. ತೀರಾ ಅನಿವಾರ್ಯವಾದರೆ ಲೆಕ್ಕ ಹಾಕಿಯೇ ಮುಂದುವರಿಯಿರಿ: 300-0-300 ವೋಲ್ಟ್ ಸೆಕೆಂಡರಿಯಲ್ಲಿ ಪ್ರತಿ ಡಯೋಡ್ ತಡೆಯಬೇಕಾದ ಹಿಮ್ಮುಖ ವೋಲ್ಟೇಜ್ ಸುಮಾರು 850. 1000 ವೋಲ್ಟ್ ತಾಳುವ 1ಎನ್4007 ಒಂದೇ ಇದ್ದರೆ ನಮ್ಮ ಮೇನ್ಸಿನ ಏರಿಳಿತದಲ್ಲಿ ಉಳಿಯುವ ಅಂತರ ತೀರಾ ಕಡಿಮೆ. ಪ್ರತಿ ಕಡೆ ಎರಡನ್ನು ಸರಣಿಯಲ್ಲಿ ಹಾಕಿ, ವೋಲ್ಟೇಜನ್ನು ಮೂಲದ ಮಟ್ಟಕ್ಕೆ ಇಳಿಸುವ ರೆಸಿಸ್ಟರನ್ನೂ ಸೇರಿಸಬೇಕು.

ಹಂತ 5: ಫಿಲ್ಟರ್ ಕೆಪಾಸಿಟರ್‌ಗಳು

ಹಳೆಯ ಉಪಕರಣವೊಂದನ್ನು ಮಗುಚಿ ಹಾಕಿದರೆ ಅಲ್ಯೂಮಿನಿಯಂ ಡಬ್ಬಿಯ ಕೆಪಾಸಿಟರಿನ ಬುಡ ಕಾಣುತ್ತದೆ. ಒಂದೇ ಡಬ್ಬಿಯಲ್ಲಿ ಮೂರು ನಾಲ್ಕು ಕೆಪಾಸಿಟರ್‌ಗಳಿದ್ದು, ಪ್ರತಿ ಟ್ಯಾಗಿನ ಪಕ್ಕದಲ್ಲಿ ಅರ್ಧಚಂದ್ರ, ಚೌಕ, ತ್ರಿಕೋನದ ಗುರುತು ಕೊರೆದಿರುತ್ತದೆ. ಡಬ್ಬಿಯ ಮೈಮೇಲೆ ಆ ಗುರುತುಗಳ ಮುಂದೆ ಬೆಲೆ ಅಚ್ಚಾಗಿರುತ್ತದೆ. ಟ್ಯಾಗುಗಳ ಸುತ್ತಲಿನ ಕಪ್ಪು ಬಿರಡೆ ಉಬ್ಬಿದ್ದರೆ, ಅಂಚಿನಲ್ಲಿ ಒಣಗಿದ ಬಿಳಿ ಪುಡಿಯೋ ಕಂದು ಅಂಟೋ ಇದ್ದರೆ ಒಳಗಿನ ದ್ರವ ಹೊರಬಂದಿದೆ. ಯಾವ ತಂತಿ ಯಾವ ಗುರುತಿಗೆ ಹೋಗಿದೆ ಎಂಬ ಫೋಟೋ ತೆಗೆಯದೆ ಬೆಸುಗೆ ಬಿಡಿಸಬೇಡಿ.

ಹೊರನೋಟಕ್ಕೆ ಚೆನ್ನಾಗಿದ್ದೂ ಸತ್ತಿರುವ ಕೆಪಾಸಿಟರನ್ನು ಲೆಕ್ಕ ಹಿಡಿದುಕೊಡುತ್ತದೆ. ಒಟ್ಟು 20 ಮಿಲಿಆಂಪಿಯರ್ ಎಳೆಯುವ ಉಪಕರಣದಲ್ಲಿ ಮೊದಲ ಕೆಪಾಸಿಟರ್ 40 ಮೈಕ್ರೊಫ್ಯಾರಡ್ ಎಂದುಕೊಳ್ಳಿ. ಅದರ ಮೇಲಿನ 100 ಹರ್ಟ್ಜ್ ಅಲೆ ತುದಿಯಿಂದ ತುದಿಗೆ ಹೆಚ್ಚೆಂದರೆ 5 ವೋಲ್ಟ್. 40 ಮೈಕ್ರೊಫ್ಯಾರಡ್‌ಗೆ 100 ಹರ್ಟ್ಜ್‌ನಲ್ಲಿ ಇರುವ ತಡೆ ಸುಮಾರು 40 ಓಮ್. ಮುಂದಿನ ಹಂತದಲ್ಲಿ 1 ಕಿಲೋ ಓಮ್ ರೆಸಿಸ್ಟರೂ ಅಂಥದೇ ಕೆಪಾಸಿಟರೂ ಇದ್ದರೆ ಅಲೆ 25ರಲ್ಲಿ ಒಂದು ಪಾಲಾಗಿ 0.2 ವೋಲ್ಟ್‌ಗೆ ಇಳಿಯುತ್ತದೆ. ಅದರ ಮುಂದೆ ಪ್ರಿಆಂಪ್ ವಾಲ್ವಿಗೆ ಹೋಗುವ ಸಾಲಿನಲ್ಲಿ 10 ಕಿಲೋ ಓಮ್ ಮತ್ತು 40 ಮೈಕ್ರೊಫ್ಯಾರಡ್ ಇದ್ದರೆ 250ರಲ್ಲಿ ಒಂದು ಪಾಲಾಗಿ 0.8 ಮಿಲಿವೋಲ್ಟ್ ಉಳಿಯುತ್ತದೆ. ಈ ಕೊನೆಯ ಕೆಪಾಸಿಟರ್ ಒಣಗಿ 4 ಮೈಕ್ರೊಫ್ಯಾರಡ್‌ಗೆ ಇಳಿದಿದ್ದರೆ ಅಲೆ 8 ಮಿಲಿವೋಲ್ಟ್ ಆಗುತ್ತದೆ, ಅಂದರೆ ಹಮ್ 20 ಡೆಸಿಬಲ್ ಏರುತ್ತದೆ. ಇಷ್ಟಾದರೂ ಡಿಸಿ ವೋಲ್ಟೇಜ್ ಒಂದಿಷ್ಟೂ ಬದಲಾಗಿರುವುದಿಲ್ಲ. ಡಿಸಿ ಮಾತ್ರ ಅಳೆದು ಸಪ್ಲೈ ಚೆನ್ನಾಗಿದೆ ಎಂದು ತೀರ್ಮಾನಿಸಿದವರು ಮೋಸಹೋಗುವುದು ಇಲ್ಲಿಯೇ. ಆದ್ದರಿಂದ ಪ್ರತಿ ಹಂತದಲ್ಲೂ ಡಿಸಿಯ ಜೊತೆಗೆ ಎಸಿ ವ್ಯಾಪ್ತಿಯಲ್ಲೂ ಅಳೆದು, ಅಲೆ ಎಲ್ಲಿ ನಿರೀಕ್ಷೆಯಷ್ಟು ಕುಗ್ಗಿಲ್ಲ ಎಂಬುದನ್ನು ನೋಡಬೇಕು. ಮೀಟರ್ ಡಿಸಿಯನ್ನು ತಡೆದು ಎಸಿಯನ್ನು ಮಾತ್ರ ತೋರಿಸುವಂಥದ್ದಾಗಿರಬೇಕು, ಮತ್ತು ಅದು ತೋರಿಸುವುದು ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಆದ್ದರಿಂದ ಅಂಕೆ ತುದಿಯಿಂದ ತುದಿಯ ಅಳತೆಗಿಂತ ಸಣ್ಣದಾಗಿರುತ್ತದೆ.

ಎಲ್ಲ ಕೆಪಾಸಿಟರ್‌ಗಳನ್ನೂ ಒಂದೇ ಉಸಿರಿಗೆ ಬದಲಿಸಿ ಚಾಲೂ ಮಾಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಐವತ್ತು ವರ್ಷದ ಎಲೆಕ್ಟ್ರೊಲಿಟಿಕ್‌ಗಳನ್ನು ತೆಗೆಯಲೇಬೇಕು ಎಂಬುದು ನಿಜ. ಆದರೆ ಒಂದನ್ನು ಬದಲಿಸಿ, ಅಳೆದು, ಬರೆದುಕೊಂಡು ಮುಂದಿನದಕ್ಕೆ ಹೋದರೆ ದೋಷದ ಮೂಲ ತಿಳಿಯುತ್ತದೆ, ನಿಮ್ಮ ಕೈಯಿಂದಲೇ ಹೊಸ ತಪ್ಪು ನುಸುಳಿದ್ದರೆ ಅದೂ ಅಲ್ಲಿಯೇ ಸಿಗುತ್ತದೆ.

ಹೊಸ ಕೆಪಾಸಿಟರ್ 450 ವೋಲ್ಟ್, 105 ಡಿಗ್ರಿ ದರ್ಜೆಯದಾಗಿರಲಿ. ಮೊದಲ ಕೆಪಾಸಿಟರಿನ ಬೆಲೆಯನ್ನು ಮನಬಂದಂತೆ ಹೆಚ್ಚಿಸಬೇಡಿ. ದೊಡ್ಡ ಕೆಪಾಸಿಟರ್ ಪ್ರತಿ ಅರ್ಧಚಕ್ರದಲ್ಲೂ ದೊಡ್ಡ ಕರೆಂಟನ್ನು ಒಮ್ಮೆಲೇ ಎಳೆದು ರೆಕ್ಟಿಫೈಯರ್ ವಾಲ್ವಿನ ಆಯುಷ್ಯವನ್ನು ತಿನ್ನುತ್ತದೆ. ಹಳೆಯ ಡಬ್ಬಿಯನ್ನು ಅಂದಕ್ಕಾಗಿ ಮೇಲೆ ಹಾಗೆಯೇ ಬಿಡಬಹುದು, ಆದರೆ ಅದರ ಎಲ್ಲ ಸಂಪರ್ಕಗಳನ್ನೂ ಕಳಚಿರಬೇಕು. ಅದಕ್ಕೆ ಸಮಾನಾಂತರವಾಗಿ ಹೊಸದನ್ನು ಬೆಸೆಯುವುದು ತಪ್ಪು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿಬಿಡಿಯಾಗಿ ಕೊಂಡ ಕೆಪಾಸಿಟರನ್ನು ಬೆಸೆಯುವ ಮೊದಲು 100 ಕಿಲೋ ಓಮ್ ರೆಸಿಸ್ಟರ್ ಮೂಲಕ ಅದು ಕೆಲಸ ಮಾಡಬೇಕಾದ ವೋಲ್ಟೇಜ್ ಕೊಟ್ಟು ಪರೀಕ್ಷಿಸಿ. ರೆಸಿಸ್ಟರಿನ ಮೇಲೆ ಕಾಣುವ ಪ್ರತಿ 1 ವೋಲ್ಟ್ 10 ಮೈಕ್ರೊಆಂಪಿಯರ್ ಸೋರಿಕೆಯನ್ನು ಹೇಳುತ್ತದೆ. ಆ ಅಂಕೆ ಕೆಲವು ನಿಮಿಷಗಳಲ್ಲಿ ಇಳಿಯುತ್ತಾ ಹೋಗಬೇಕು. ಇಳಿಯದೆ ನಿಂತರೆ ಅಥವಾ ಏರಿದರೆ ಆ ಕೆಪಾಸಿಟರ್ ಬೇಡ.

ಗ್ರೌಂಡ್ ದಾರಿಯ ಬಗ್ಗೆ ಒಂದು ಮಾತು. ಟ್ರಾನ್ಸ್‌ಫಾರ್ಮರಿನ ನಡುಟ್ಯಾಪ್ ನೇರವಾಗಿ ಮೊದಲ ಕೆಪಾಸಿಟರಿನ ಮೈನಸ್ ತುದಿಗೆ ಬರಬೇಕು, ಅಲ್ಲಿಂದ ಒಂದೇ ತಂತಿ ಚಾಸಿಸ್‌ಗೆ ಹೋಗಬೇಕು. ನಡುಟ್ಯಾಪ್ ಒಂದು ಮೂಲೆಯಲ್ಲಿ, ಕೆಪಾಸಿಟರ್ ಇನ್ನೊಂದು ಮೂಲೆಯಲ್ಲಿ ಚಾಸಿಸ್‌ಗೆ ಸೇರಿದರೆ, ಚಾರ್ಜಿಂಗ್ ಕರೆಂಟಿನ ಮೊನಚಾದ ಪಲ್ಸ್‌ಗಳು ಚಾಸಿಸ್ ಉದ್ದಕ್ಕೂ ಹರಿದು ಇನ್‌ಪುಟ್‌ವರೆಗೂ ತಲುಪುತ್ತವೆ. ಕೆಪಾಸಿಟರ್ ಎಲ್ಲ ಹೊಸದಾದರೂ 100 ಹರ್ಟ್ಜ್ ಹೋಗದಿದ್ದರೆ ಕಾರಣ ಬಹುಶಃ ಇದೇ.

ನಡುವಿನ ಡ್ರಾಪಿಂಗ್ ರೆಸಿಸ್ಟರ್‌ಗಳನ್ನೂ ಅಳೆಯಿರಿ. ಹಳೆಯ ಕಾರ್ಬನ್ ರೆಸಿಸ್ಟರ್‌ಗಳ ಬೆಲೆ ವರ್ಷಗಳು ಕಳೆದಂತೆ ಏರುತ್ತದೆ. ಸುಟ್ಟು ಬಣ್ಣದ ಪಟ್ಟಿಗಳೆಲ್ಲ ಕಂದಾಗಿದ್ದರೆ ನಕ್ಷೆ ನೋಡಿಯೇ ಬೆಲೆ ತಿಳಿಯಬೇಕು. ಸುಟ್ಟದ್ದಕ್ಕೆ ಮುಂದಿನ ಕೆಪಾಸಿಟರ್ ಕಾರಣವೇ ಎಂಬುದನ್ನು ಕಂಡುಕೊಳ್ಳದೆ ಹೊಸದನ್ನು ಹಾಕಬಾರದು. ಲೆಕ್ಕಕ್ಕೆ ಬರುವ ವ್ಯಾಟ್‌ನ ಎರಡು ಮೂರು ಪಟ್ಟು ತಾಳುವ ಮೆಟಲ್ ಆಕ್ಸೈಡ್ ರೆಸಿಸ್ಟರನ್ನು ಕೆಪಾಸಿಟರ್‌ಗಳಿಂದ ದೂರ, ಗಾಳಿಯಾಡುವಂತೆ ಕೂರಿಸಬೇಕು.

ಹಂತ 6: ಹೀಟರ್ ಸಪ್ಲೈ

ಹೀಟರ್ ವೋಲ್ಟೇಜನ್ನು ಎಲ್ಲ ವಾಲ್ವ್‌ಗಳೂ ಸಾಕೆಟ್ಟಿನಲ್ಲಿ ಇರುವಾಗ, ಸಾಕೆಟ್ ಪಿನ್‌ಗಳ ಮೇಲೆಯೇ ಅಳೆಯಬೇಕು. 6.3ರ ಆಚೀಚೆ ಶೇ. 5ರೊಳಗೆ ಇದ್ದರೆ ಒಳ್ಳೆಯದು. ಮೇನ್ಸ್ 245ಕ್ಕೆ ಏರುವ ಊರುಗಳಲ್ಲಿ ಹೀಟರ್ ಸುಮಾರು 6.7 ವೋಲ್ಟ್ ಆಗಿ ವಾಲ್ವ್‌ಗಳ ಬಾಳಿಕೆ ಕಡಿಮೆಯಾಗುತ್ತದೆ. ಸೂಕ್ತ ವ್ಯಾಟ್‌ನ ಸಣ್ಣ ರೆಸಿಸ್ಟರನ್ನು ಸರಣಿಯಲ್ಲಿಟ್ಟು ಸರಿಪಡಿಸಿಕೊಳ್ಳಿ. ನಡುಟ್ಯಾಪ್ ಇಲ್ಲದ ಹೀಟರ್ ಸುತ್ತಿನಲ್ಲಿ ಎರಡು 100 ಓಮ್ ರೆಸಿಸ್ಟರ್‌ಗಳ ಮೂಲಕ ಗ್ರೌಂಡ್ ಕೊಟ್ಟಿರುತ್ತಾರೆ. ಅವುಗಳಲ್ಲಿ ಒಂದು ಸುಟ್ಟರೆ ಸಮತೋಲನ ತಪ್ಪಿ 50 ಹರ್ಟ್ಜ್ ಹಮ್ ಏಳುತ್ತದೆ. ಐದು ನಿಮಿಷದ ಕೆಲಸ, ಆದರೆ ಬಹಳ ಮಂದಿ ಅತ್ತ ನೋಡುವುದೇ ಇಲ್ಲ.

ವಾಲ್ವ್ ಮೈಕ್‌ಗಳ ಸಪ್ಲೈಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1960ರಲ್ಲಿ ಬಂದ ನಾಯ್‌ಮನ್ ಯು67 ಮೈಕಿನಲ್ಲಿ ಇಎಫ್86 ವಾಲ್ವ್ ಇದೆ; ಅದರ ಹೀಟರಿಗೆ 6.3 ವೋಲ್ಟ್‌ನಲ್ಲಿ 0.2 ಆಂಪಿಯರ್ ಬೇಕು. ಅಷ್ಟು ಕರೆಂಟ್ ಉದ್ದನೆಯ ಕೇಬಲಿನಲ್ಲಿ ಹರಿಯುವಾಗ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಹೋಗಿಬರುವ ಎಳೆಗಳ ಒಟ್ಟು ತಡೆ 1 ಓಮ್ ಇದ್ದರೆ 0.2 ವೋಲ್ಟ್ ನಷ್ಟ. ಹಾಗಾಗಿ ಸಪ್ಲೈ ಪೆಟ್ಟಿಗೆಯಲ್ಲಲ್ಲ, ಮೈಕಿನ ಕಡೆಯ ತುದಿಯಲ್ಲಿ, ಯಾವಾಗಲೂ ಬಳಸುವ ಕೇಬಲ್ ಹಾಕಿ, ಮೈಕ್ ಚಾಲೂ ಇರುವಾಗ ಅಳೆದು ಹೊಂದಿಸಬೇಕು. ಸಪ್ಲೈ ಚಾಲೂ ಇರುವಾಗ ಮೈಕ್ ಕನೆಕ್ಟರನ್ನು ಕೀಳುವುದಾಗಲಿ ಹಾಕುವುದಾಗಲಿ ಕೂಡದು.

ಹಂತ 7: ಕೊನೆಯ ಪರೀಕ್ಷೆ

ಬಲ್ಬನ್ನು ಸರಣಿಯಲ್ಲಿ ಇಟ್ಟೇ ಒಮ್ಮೆ ಚಾಲೂ ಮಾಡಿ, ಅದು ಮಂಕಾದ ಮೇಲೆ ತೆಗೆದು ನೇರ ಮೇನ್ಸ್ ಕೊಡಿ. ಎಚ್‌ಟಿಯ ಪ್ರತಿ ಹಂತದ ಡಿಸಿ, ಎಸಿ ಎರಡನ್ನೂ ಅಳೆದು ನಕ್ಷೆಯ ಪ್ರತಿಯ ಮೇಲೆ ದಿನಾಂಕದೊಡನೆ ಬರೆದಿಡಿ. ಮೊದಲ ಗಂಟೆಯಲ್ಲಿ ಉಪಕರಣವನ್ನು ಬಿಟ್ಟು ಹೋಗಬೇಡಿ. ಸ್ವಿಚ್ ಆಫ್ ಮಾಡಿ, ಎಚ್‌ಟಿ ಖಾಲಿ ಮಾಡಿ, ಹೊಸ ಕೆಪಾಸಿಟರ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಅವುಗಳಲ್ಲಿ ಯಾವುದಾದರೂ ಒಂದು ಸುತ್ತಲಿನ ಶಾಖಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅದು ಸೋರುತ್ತಿದೆ.

ಆಮೇಲೆ ಮೊದಲಿನಂತೆಯೇ ಅರ್ಧ ನಿಮಿಷ ಮುದ್ರಿಸಿಕೊಂಡು ಎರಡು ಸ್ಪೆಕ್ಟ್ರಮ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 100 ಹರ್ಟ್ಜ್ ಗೆರೆ ಕುಸಿದು 50ರದು ಮಾತ್ರ ಹಾಗೆಯೇ ಉಳಿದಿದ್ದರೆ ಮತ್ತೆ ಬೆಸುಗೆ ಹಿಡಿಯುವ ಮೊದಲು ಉಪಕರಣವನ್ನು ರ‍್ಯಾಕಿನಿಂದ ಹೊರತೆಗೆದು, ಇತರ ಉಪಕರಣಗಳಿಂದ ಒಂದು ಮೀಟರ್ ದೂರವಿಟ್ಟು ಇನ್ನೊಮ್ಮೆ ಮುದ್ರಿಸಿ. ಗೆರೆ ಆಗ ಇಳಿದರೆ ಹಮ್ ಬರುತ್ತಿರುವುದು ರ‍್ಯಾಕಿನಲ್ಲಿ ಅದರ ಮೇಲೋ ಕೆಳಗೋ ಇರುವ ಉಪಕರಣದ ಟ್ರಾನ್ಸ್‌ಫಾರ್ಮರಿನಿಂದ. ನಡುವೆ ಎರಡು ಖಾಲಿ ಅಂತಸ್ತು ಬಿಟ್ಟು ಕೂರಿಸಿದರೆ ಸಾಕು.